ಏಳನೇ ನೆರಳಿಗೆ ಬಿದ್ದ ಅಂಕ

ಹಲ್ಲು ನೇರ ಮಾಡುವ ಆ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಪ್ಲಾಸ್ಟರ್ ಪುಡಿ ಕಲಸಿ ಹಲ್ಲಿನ ಅಚ್ಚು ಹುಯ್ಯುವುದು, ಎಕ್ಸ್‌ರೇ ಮೇಲೆ ತೆಳುಹಾಳೆ ಇಟ್ಟು ಮುಖದ ಅಂಚನ್ನು ಪೆನ್ಸಿಲಿನಲ್ಲಿ ಎಳೆಯುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ.

ಅವಳ ಕೆಳದವಡೆ ಹಿಂದಕ್ಕೆ ಸರಿದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದ್ದಳು: "ಸರ್, ನಂದಕ್ಕೂ ಏನಾದ್ರೂ ಮಾಡ್ಬಹುದಾ?"

ಅವರು ಅವಳ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, "ಏನೂ ಬೇಡಮ್ಮಾ. ನಿನ್ನ ಮುಖಕ್ಕೆ ಇದೇ ಒಪ್ಪುತ್ತೆ" ಎಂದಿದ್ದರು.

ಮುಖ ಅಳೆಯುವುದನ್ನೇ ಕಸುಬು ಮಾಡಿಕೊಂಡವರ ಮಾತು! ಅಂದಿನಿಂದ ಫೋಟೋ ತೆಗೆಯುವಾಗ ಗದ್ದಕ್ಕೆ ಸೆರಗು ಅಡ್ಡ ಹಿಡಿಯುವುದನ್ನು ಬಿಟ್ಟಳು. ನಾದಿನಿ, "ಅತ್ತಿಗೆ, ಗದ್ದ ತವರುಮನೇಲೇ ಬಿಟ್ಟು ಬಂದ್ರಾ?" ಎಂದು ಚುಚ್ಚಿದರೆ, "ನಿಂಗೇನೇ ಗೊತ್ತು? ಹೋಗಿ ನಮ್ಮ ಡಾಕ್ಟ್ರನ್ನ ಕೇಳು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ವರ್ಷ ಡಾಕ್ಟರು ಒಂದು ಅಧ್ಯಯನ ಹಿಡಿದರು. ಪಕ್ಕದಿಂದ ತೆಗೆದ ಮೂವತ್ತು ಮುಖಗಳನ್ನು ಗುರುತು ಸಿಗದಂತೆ ಕಪ್ಪು ನೆರಳಾಗಿಸಿ, ದಂತವೈದ್ಯರಿಗೂ, ಚಿಕಿತ್ಸೆಗೆ ಬರುವವರಿಗೂ, ಬೀದಿಯ ಜನರಿಗೂ ತೋರಿಸುವುದು. ಅಂದಕ್ಕೆ ನೂರಕ್ಕೆ ಎಷ್ಟು ಅಂಕ, ಚಿಕಿತ್ಸೆ ಬೇಕೇ ಎಂದು ಕೇಳುವುದು. ಮನಸ್ಸಿಗೆ ಬಂದಂತೆ ಅಂಕ ಹಾಕುವವರನ್ನು ಹಿಡಿಯಲು ಒಂದು ನೆರಳನ್ನು ಎರಡು ಸಲ ಸೇರಿಸಿದ್ದರು. ಯಾವುದನ್ನೆಂದು ಕಂಪ್ಯೂಟರೇ ಚೀಟಿ ಎತ್ತಿದಂತೆ ಆರಿಸಿತ್ತು. ಹಾಳೆ ಹಿಡಿದು ಓಡಾಡುವ ಕೆಲಸ ಅಚ್ಚಕ್ಕನ ಪಾಲಿಗೆ ಬಂತು.

ಮೂಲೆಯ ತರಕಾರಿಯವಳು ನೆರಳುಗಳನ್ನು ನೋಡಿ ನಕ್ಕಳು. "ಅಕ್ಕಾ, ಇದೇನು ಸಂಬಂಧ ನೋಡ್ತಿದೀರಾ, ಇಲ್ಲಾ ಕಳ್ಳನ್ನ ಹುಡುಕ್ತಿದೀರಾ?" ಏಳನೆಯದಕ್ಕೆ ಬಂದಾಗ, "ಇವಳಿಗೆ ಎಪ್ಪತ್ತು ಹಾಕಿ. ಜಗಳಗಂಟಿ ಮುಖ ಅಲ್ಲ" ಎಂದಳು.

ಅಚ್ಚಕ್ಕ ಬಗ್ಗಿ ನೋಡಿದಳು. ಮೂಗಿನ ನಡುವಿನ ಸಣ್ಣ ಉಬ್ಬು, ಹಿಂದೆ ಸರಿದ ಗದ್ದ. ಸಾವಿರಾರು ಅಂಚು ಎಳೆದ ಕಣ್ಣಿಗೆ ತನ್ನದೇ ಅಂಚು ತಿಳಿಯದೆ ಇರುತ್ತದೆಯೇ? ಹೊಸ ಕ್ಯಾಮೆರಾ ಬಂದ ದಿನ ಡಾಕ್ಟರು, "ಸ್ವಲ್ಪ ನಿಲ್ಲಮ್ಮಾ, ಬೆಳಕು ಸರಿ ಇದೆಯಾ ನೋಡ್ತೀನಿ" ಎಂದು ಪಕ್ಕದಿಂದ ಕ್ಲಿಕ್ಕಿಸಿದ್ದ ಫೋಟೋ ಇದು. ಉಳಿದ ಎಲ್ಲರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದು ಅವಳೇ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆದರೂ ಆ ಎಪ್ಪತ್ತು ಒಳಗೊಳಗೇ ಖುಷಿ ಕೊಟ್ಟಿತು. ಬೀದಿಯವರೇ ಅಷ್ಟು ಕೊಟ್ಟರೆ ಡಾಕ್ಟರು ಎಷ್ಟು ಕೊಟ್ಟಿರಬಹುದು? ಕ್ಲಿನಿಕ್ಕಿಗೆ ಬಂದವಳೇ ಅವರು ಅಂಕ ಹಾಕಿಟ್ಟಿದ್ದ ಹಾಳೆ ತೆಗೆದಳು.

ಏಳನೆಯದಕ್ಕೆ ಇಪ್ಪತ್ತೆರಡು. ಪಕ್ಕದಲ್ಲಿ, 'ಚಿಕಿತ್ಸೆ ಬೇಕೇ?' ಎಂಬಲ್ಲಿ 'ಹೌದು'.

ಕೈತಪ್ಪಿರಬೇಕು ಎಂದುಕೊಂಡು ಮುಂದೆ ತಿರುವಿದಳು. ಎರಡು ಸಲ ಸೇರಿದ ನೆರಳು ಅವಳದೇ ಆಗಿತ್ತು. ಇಪ್ಪತ್ತಾರನೇ ಸಂಖ್ಯೆಯಲ್ಲಿ ಅದೇ ಮೂಗು, ಅದೇ ಗದ್ದ. ಅಲ್ಲಿ ಇಪ್ಪತ್ತೊಂದು. ಮತ್ತೆ 'ಹೌದು'. ಕೈ ತಪ್ಪಿರಲಿಲ್ಲ.

ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. "ಸರ್, ಇದು ನಾನು."

ಅವರು ಕನ್ನಡಕ ಏರಿಸಿ ನೋಡಿದರು. "ನೆರಳಲ್ವೇನಮ್ಮಾ, ಯಾರಿಗೆ ಗೊತ್ತಾಗುತ್ತೆ? ನಂಗೇ ಗೊತ್ತಾಗ್ಲಿಲ್ಲ."

"ಅವತ್ತು ಏನೂ ಬೇಡ ಅಂದ್ರಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ದವಡೆ ಆಪರೇಷನ್ನೇ ಆಗ್ಬೇಕಿತ್ತು. ಎರಡು ತಿಂಗಳು ನೀನು ಬರೋ ಹಾಗಿರ್ಲಿಲ್ಲ. ಕ್ಲಿನಿಕ್ ಆಗಷ್ಟೇ ಶುರುವಾಗಿತ್ತು, ಅಚ್ಚು ಹುಯ್ಯೋಕೆ ಬೇರೆ ಯಾರಿದ್ರು ಹೇಳು? ನೀನೂ ಸಂತೋಷವಾಗೇ ಇದ್ಯಲ್ಲ."

"ನಿಮ್ಮ ಮಾತು ನಂಬಿ ಇದ್ದೆ ಸರ್."

ಅವಳು ಸ್ಕೇಲು ಇಟ್ಟು ಏಳನೇ ಸಾಲನ್ನೂ ಇಪ್ಪತ್ತಾರನೇ ಸಾಲನ್ನೂ ನೇರ ಗೆರೆ ಎಳೆದು ಹೊಡೆದುಹಾಕಿ, 'ಒಪ್ಪಿಗೆ ಇಲ್ಲ' ಎಂದು ಬರೆದು ಸಹಿ ಹಾಕಿದಳು.

"ಅಯ್ಯೋ, ಎರಡು ಸಲ ಸೇರಿಸಿದ್ದನ್ನೇ ತೆಗೆದ್ರೆ ಅಧ್ಯಯನಾನೇ ಬಿದ್ದುಹೋಗುತ್ತಮ್ಮಾ!" ಎಂದರು ಡಾಕ್ಟರು. ಅವಳು ಏಪ್ರನ್ ಬಿಚ್ಚುವುದನ್ನು ಕಂಡು ದನಿ ಇಳಿಸಿದರು. "ನಾಳೆ ಒಂಬತ್ತು ಅಚ್ಚು ಇವೆ, ಅಚ್ಚಕ್ಕ."

"ಇವೆ ಸರ್. ಪುಡಿ ಕಪಾಟಿನ ಕೆಳಗಿನ ಖಾನೇಲಿದೆ. ನೂರು ಗ್ರಾಂಗೆ ಐವತ್ತು ಮಿಲಿ ನೀರು. ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಹುಯ್ಯಿರಿ."