ವರ್ಷದೊಳಗೆ ಹೊಸ ಬ್ರೇಕು

ಅಪ್ಪ ಹೋದದ್ದು ಬೇಸಿಗೆಯಲ್ಲಿ. ಅವರ ಪುಟ್ಟ ಕಾರಿಗೆ ತಾಡಪಾಲು ಹೊದಿಸಿ, ಮುಲುಂಡಿನ ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಗೆ ಒತ್ತಿಸಿ ನಿಲ್ಲಿಸಿದೆವು. ಮಳೆಗಾಲವೆಲ್ಲ ಅದು ಅಲ್ಲೇ ನಿಂತಿತು. ಅದೇ ಮಳೆಗಾಲದಲ್ಲಿ, ಅಮ್ಮನ ಸೊಂಟದ ನೋವು ವಯಸ್ಸಿನ ನೋವಲ್ಲ ಎಂದು ಗೊತ್ತಾಯಿತು. ಗಡ್ಡೆ ಬೇರೆಲ್ಲೋ ಹುಟ್ಟಿ, ಮೂಳೆಗೆ ಇಳಿದ ಮೇಲಷ್ಟೇ ಕಾಣಿಸಿಕೊಂಡಿತ್ತು. ವಾಸಿಯಾಗುವ ಮಾತನ್ನು ಯಾರೂ ಆಡಲಿಲ್ಲ. ನೋವು ತಗ್ಗಲೆಂದು ಕರೆಂಟು, ಅಂದರೆ ರೇಡಿಯೇಶನ್, ಕೊಡುತ್ತೇವೆ, ಭಾನುವಾರ ಬಿಟ್ಟು ದಿನಾ ಕರೆತನ್ನಿ ಎಂದು ಪರೇಲಿನ ಆಸ್ಪತ್ರೆಯಲ್ಲಿ ಹೇಳಿದರು.

ಮುಲುಂಡಿನಿಂದ ಪರೇಲಿಗೆ ಅವಳನ್ನು ಹೇಗೆ ಒಯ್ಯುವುದು ಎಂಬುದೇ ನನ್ನ ಆಗಿನ ಬದುಕಾಗಿತ್ತು. ಲೋಕಲ್ ರೈಲು ಸಾಧ್ಯವೇ ಇರಲಿಲ್ಲ. ನಮ್ಮ ಕಡೆ ಟ್ಯಾಕ್ಸಿ ಸಿಗುವುದು ಅಪರೂಪ, ಆಟೋ ಸಯಾನ್ ದಾಟಿ ಹೋಗುವಂತಿಲ್ಲ. ಸಯಾನ್‌ನಲ್ಲಿ ಅವಳನ್ನು ಇಳಿಸಿ, ನಿಲ್ಲಿಸಿ, ಮತ್ತೆ ಬಗ್ಗಿಸಿ ಟ್ಯಾಕ್ಸಿಯೊಳಗೆ ಕೂರಿಸಬೇಕು. ಅವಳಿಂದ ಆಗದಿದ್ದದ್ದು ಅದೇ. ಕಾರಾದರೆ ಹಿಂದಿನ ಸೀಟಿನಲ್ಲಿ ಒಮ್ಮೆ ಮಲಗಿಸಿದರೆ ಆಸ್ಪತ್ರೆಯ ಬಾಗಿಲಲ್ಲೇ ಎತ್ತಬಹುದು.

ತಾಡಪಾಲು ತೆಗೆದು, ಬ್ಯಾಟರಿ ಚಾರ್ಜು ಮಾಡಿಸಿ, ಮೊದಲ ದಿನ ಹೊರಟೆವು. ಭಾಂಡುಪ್ ಹತ್ತಿರ ಬ್ರೇಕು ಒತ್ತಿದಾಗ ಕಾರು ಸಟ್ಟನೆ ಎಡಕ್ಕೆ ಎಳೆದು ಕುಲುಕಿ ನಿಂತಿತು. ಅಮ್ಮ ಕೂಗಲಿಲ್ಲ. ಹಲ್ಲು ಕಚ್ಚಿದ ಸದ್ದು ಮಾತ್ರ ಹಿಂದಿನಿಂದ ಕೇಳಿಸಿತು.

ಅಪ್ಪ ಪವಾಯಿ ಕಡೆಯ ಕಾರ್ಖಾನೆಯಲ್ಲಿದ್ದಾಗ ಪರಿಚಯವಾದ ಮೆಕ್ಯಾನಿಕ್ ಒಬ್ಬರು ಜೋಗೇಶ್ವರಿಯಲ್ಲಿದ್ದರು. ವಿಜಾಪುರದ ಕಡೆಯ ಮುಸಲ್ಮಾನರು, ಅಪ್ಪನಷ್ಟೇ ವಯಸ್ಸು. ಹೇಳಿ ಕಳಿಸಿದ ಭಾನುವಾರವೇ ಸ್ಕೂಟರಿನಲ್ಲಿ ಬಂದರು. ನಮ್ಮದು ನೆಲಮಟ್ಟದ ಮನೆ. ಅಮ್ಮನ ಮಂಚ ಕಿಟಕಿಯ ಪಕ್ಕದಲ್ಲಿತ್ತು, ಕಾರು ಕಿಟಕಿಯ ಆಚೆ.

ಅವರು ಮುಂದಿನ ಗಾಲಿ ಬಿಚ್ಚಿದರು. ಗಾಲಿಯ ಒಳಗೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ. ಬ್ರೇಕು ಒತ್ತಿದಾಗ ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಇಕ್ಕಳದಂಥದ್ದು ಕ್ಯಾಲಿಪರ್. ಅದರೊಳಗಿನ ಪಿಸ್ಟನ್ ಮಳೆಯ ತೇವಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಬಲಗಡೆದು ಜಾಮ್ ಆಗೇದ ನೋಡ್ರಿ. ಎಡಗಡೆದು ಒಂದೇ ಹಿಡೀತದ, ಅದಕ್ಕ ಗಾಡಿ ಆ ಕಡೆ ಎಳೀತದ."

"ರಿಪೇರಿ ಆಗತ್ತಾ?" ಎಂದೆ.

"ಬಿಚ್ಚಿ, ತಿಕ್ಕಿ, ಹೊಸಾ ರಬ್ಬರ್ ಹಾಕಿ ಕೊಡ್ತೀನಿ. ಎಷ್ಟ ದಿನಾ ಬಾಳತದ ಅಂತ ಕೇಳಬ್ಯಾಡ್ರಿ. ಪಿಸ್ಟನ್ ಮ್ಯಾಲೆಲ್ಲಾ ತುಕ್ಕು ತಿಂದ ತೂತು. ಎರಡೂ ಕಡೆ ಪೂರಾ ಹೊಸಾ ಕ್ಯಾಲಿಪರ್ ಹಾಕಿಬಿಡ್ರಿ ಅಂತೀನಿ ನಾ."

ಕಿಟಕಿಯಿಂದ ಅಮ್ಮನ ದನಿ ಬಂತು. "ಹೊಸದು ಬೇಡ."

"ಯಾಕ್ರೀ ಅಮ್ಮಾರ?"

"ಅವರ ವರ್ಷ ಕಳೆದಿಲ್ಲ. ಅಲ್ಲೀವರೆಗೂ ಮನೆಗೆ ಹೊಸ ಸಾಮಾನು ತರೋ ಹಾಗಿಲ್ಲ."

ಅದು ನಮ್ಮ ಮನೆಯ ನಡೆ. ವರ್ಷಾಂತಿಕ ಆಗುವವರೆಗೆ ಹೋದವರು ಇನ್ನೂ ದಾರಿಯಲ್ಲಿರುತ್ತಾರೆ; ಮನೆಗೆ ಹೊಸದು ಬಂದರೆ ಇವರಾಗಲೇ ಮರೆತರೆಂದು ಅವರು ತಿರುಗಿ ನೋಡುತ್ತಾರೆ ಎಂದು ಅಮ್ಮ ನಂಬಿದ್ದಳು. ಹಾಲಿನ ಪಾತ್ರೆ ತೂತಾದಾಗಲೂ ಬೆಸುಗೆ ಹಾಕಿಸಿದ್ದಳು.

ಮೆಕ್ಯಾನಿಕ್ ಗಡ್ಡ ಕೆರೆದುಕೊಂಡರು. "ಹಂಗಾರ ರಬ್ಬರ್ ಹೊಸಾದಲ್ಲೇನ್ರಿ? ಬ್ರೇಕ್ ಆಯಿಲ್ ಹೊಸಾದಲ್ಲೇನು?"

"ಬತ್ತಿ ಬದಲಾಯಿಸಿದ್ರೆ ದೀಪ ಹೊಸದಾಗತ್ತೇನಪ್ಪಾ?"

"ಸಾಹೇಬ್ರೂ ಹಿಂಗ ಇದ್ರು. ಮಾತಿನ್ಯಾಗ ಗೆಲ್ಲಾಕ ಬಿಡತಿರಲಿಲ್ಲ."

"ಅದನ್ನ ಅವರು ಕಲಿತದ್ದು ನನ್ನ ಹತ್ತಿರ," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ನಗು ಇತ್ತು. ರಬ್ಬರು ಬದಲಾಯಿಸುವುದೆಂದು ಆಯಿತು.

ಕೆಲವು ವಾರ ಬ್ರೇಕು ಸರಿಯಾಗಿತ್ತು. ಆಫೀಸಿನಲ್ಲಿ ಅರ್ಧ ದಿನದ ರಜೆ ಹಾಕಿ ದಿನಾ ಹೋಗಿ ಬಂದೆವು. ಒಂದು ಮಧ್ಯಾಹ್ನ ಘಾಟ್ಕೋಪರ್ ಹತ್ತಿರ ಸುಟ್ಟ ವಾಸನೆ ಬಂತು. ಇಳಿದು ಬಲಗಾಲಿಯ ಹತ್ತಿರ ಕೈ ಒಯ್ದರೆ ಒಲೆಯ ಶಾಖ. ಹಿಡಿದ ಬ್ರೇಕು ಬಿಡುತ್ತಿರಲಿಲ್ಲ. ಅದು ಆರುವವರೆಗೆ ರಸ್ತೆಯ ಅಂಚಿನಲ್ಲಿ, ಬಿಸಿಲಿಗೆ ಕಾದ ಕಾರಿನೊಳಗೆ ಅಮ್ಮ ಮಲಗಿದ್ದಳು. ನಾನು ಪೇಪರಿನಿಂದ ಗಾಳಿ ಬೀಸುತ್ತಿದ್ದೆ.

ಮೆಕ್ಯಾನಿಕ್ ಮತ್ತೆ ಬಂದು ಬಿಚ್ಚಿ ನೋಡಿದರು. ತುಕ್ಕಿನ ತೂತುಗಳ ಅಂಚು ಹೊಸ ರಬ್ಬರನ್ನು ಕೊಯ್ದಿತ್ತು.

"ಇನ್ನ ತಿಕ್ಕಿದ್ರ ಉಪಯೋಗಿಲ್ರಿ. ಆಯಿಲ್ ಸೋರಿದ್ರ ಪೆಡಲ್ ನೆಲಕ್ಕ ಕೂಡತದ. ಅದರಾಗ ಅಮ್ಮಾರನ್ನ ಕೂಡಿಸಿ ಕಳಸಾಕ ನನಗ ಮನಸಿಲ್ಲ."

"ಹೊಸದೇ ಹಾಕಿ," ಎಂದೆ.

"ನಾನು ಹೇಳಿದ್ದು ಕೇಳಿಸಲಿಲ್ವೇನೋ?" ಕಿಟಕಿಯಿಂದ ಅಮ್ಮ.

"ಬ್ರೇಕು ಒಡವೆ ಅಲ್ಲ ಅಮ್ಮ."

"ಯಾರಿಗೋಸ್ಕರ ಹಾಕ್ತೀಯ? ನನಗೆ ತಾನೆ? ನಾನಿನ್ನೆಷ್ಟು ದಿನ ಅದರಲ್ಲಿ ಓಡಾಡೋಳು? ಹೋಗೋಳಿಗೆ ಅಂತ, ಹೋದವರ ದಾರಿಗೆ ಅಡ್ಡ ಬರಬೇಡ."

ಮೆಕ್ಯಾನಿಕ್ ತಲೆ ತಗ್ಗಿಸಿ ಕೈಯ ಗ್ರೀಸು ಒರೆಸುತ್ತ ಕೂತರು. ಅಮ್ಮನೇ ಕೇಳಿದಳು. "ಬೇರೆಯವರು ಬಳಸಿದ್ದು ಸಿಗಲ್ವೇನಪ್ಪಾ?"

"ಕುರ್ಲಾದಾಗ ಸಿಗತದ್ರಿ. ಆಕ್ಸಿಡೆಂಟ್ ಗಾಡೀದು. ಒಳಗ ಹೆಂಗ ಅದ ಅಂತ ಯಾರಿಗ ಗೊತ್ತು? ಅದೂ ಇದರ ಅಣ್ಣನ."

ಅಮ್ಮ ಯೋಚಿಸಿದಳು. ಅವಳ ತವರಿನಲ್ಲಿ, ವರ್ಷದೊಳಗೆ ಬಟ್ಟೆ ತರಲೇಬೇಕಾಗಿ ಬಂದರೆ ಅದನ್ನು ಮೊದಲು ಬೇರೆ ಮನೆಯವರು ಉಡುತ್ತಿದ್ದರಂತೆ. ಅವರು ಉಟ್ಟು ಒಗೆದುಕೊಟ್ಟ ಮೇಲೆ ಅದು ಹಳೆಯದು. "ಹೊಸತನ ಕಳೀಬೇಕು, ಅಷ್ಟೇ," ಎಂದಳು.

"ಅಂದ್ರ ಮೊದಲ ಬ್ಯಾರೆಯವರ ಗಾಡಿಗಿ ಹಾಕಿ ಓಡಸಬೇಕೇನ್ರಿ?"

"ಆಗತ್ತಾ?"

ಅವರು ನನ್ನ ಮುಖ ನೋಡಿದರು. "ಮೂವತ್ತ ವರ್ಷದಾಗ ಯಾರೂ ಹಿಂತಾ ಕಾಮ್ ಹೇಳಿದ್ದಿಲ್ಲ. ನಮ್ಮ ಅಳಿಯನ ಗಾಡಿನೂ ಇದ ಮಾಡೆಲ್. ಅವ ದಿನಾ ಊರೆಲ್ಲಾ ತಿರಗತಾನ. ಆದ್ರ ನಾಕೈದು ದಿನಾ ಬೇಕು ಅಮ್ಮಾರ. ಅಲ್ಲೀತನಾ ದವಾಖಾನಿ?"

"ಆಟೋದಲ್ಲಿ ಹೋಗ್ತೀನಿ."

ನಾನು ಬೇಡವೆಂದೆ. ಸಯಾನ್‌ನಲ್ಲಿ ಏನಾಗುತ್ತದೆಂದು ಹೇಳಿದೆ. "ನಾಲ್ಕು ದಿನ ತಾನೆ, ತಡ್ಕೋತೀನಿ ಕಣೋ," ಎಂದು ಗೋಡೆಯ ಕಡೆ ತಿರುಗಿದಳು.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಸಯಾನ್ ಸರ್ಕಲ್ಲಿನ ಬಳಿ ಫುಟ್‌ಪಾತಿನ ಕಂಬಕ್ಕೆ ಅವಳನ್ನು ಒರಗಿಸಿ, ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈ ಟ್ಯಾಕ್ಸಿಗಳಿಗೆ ಚಾಚುತ್ತಿದ್ದೆ. ಅವಳ ಕೈ ನನ್ನ ಅಂಗಿಯ ಕಾಲರನ್ನು ತಿರುಚಿ ಹಿಡಿದಿರುತ್ತಿತ್ತು. ಒಬ್ಬ ಚಾಲಕ ಅವಳನ್ನು ನೋಡಿ, "ಬೀಮಾರ್ ಹೈ ಕ್ಯಾ? ದೂಸ್ರಾ ದೇಖೋ," ಎಂದು, ಕಾಯಿಲೆಯವರನ್ನು ಹತ್ತಿಸಿಕೊಳ್ಳದೆ ಹೋದ. ಮೂರನೆಯ ದಿನ ಅವಳಿಗೆ ಟ್ಯಾಕ್ಸಿಯೊಳಗೆ ಬಗ್ಗಲು ಆಗಲೇ ಇಲ್ಲ. "ಇವತ್ತು ಸಾಕು, ಮನೆಗೆ ಹೋಗೋಣ," ಎಂದಳು. ಕರೆಂಟು ಕೊಡಿಸದೆ ಹಿಂದಕ್ಕೆ ಕರೆತಂದೆ.

ಮೆಕ್ಯಾನಿಕ್ ಮಾತು ಉಳಿಸಿಕೊಂಡರು. ಎರಡು ಕ್ಯಾಲಿಪರ್‌ಗಳನ್ನು ಗೋಣಿಯಲ್ಲಿ ಸುತ್ತಿ ತಂದು, ಜೋಡಿಸುವ ಮೊದಲು ಒಂದನ್ನು ಕಿಟಕಿಯ ಸರಳಿನ ಹತ್ತಿರ ಎತ್ತಿ ಹಿಡಿದರು.

"ಒರಸಿಲ್ಲ ನೋಡ್ರಿ ಅಮ್ಮಾರ. ನಮ್ಮ ಅಳಿಯ ತುಳಿದ ರಾಡಿ ಹಂಗ ಅದ."

ಅಮ್ಮ ಮಲಗಿದಲ್ಲಿಂದಲೇ ಕೈ ನೀಡಿ ಒಣಗಿದ ಕೆಸರನ್ನು ಉಗುರಿನಿಂದ ಕೆರೆದು ನೋಡಿದಳು. "ಎಲ್ಲೆಲ್ಲಿ ಓಡಿಸಿದರು?"

"ವಿರಾರ್ ತನಾ ಹೋಗಿ ಬಂದಾನ್ರಿ."

"ಹಾಗಾದ್ರೆ ಹಾಕಿ."

ಮರುದಿನ ಹೊರಟೆವು. ಕಾರು ಎಲ್ಲೂ ಎಳೆಯಲಿಲ್ಲ. ನಿಲ್ಲಿಸಿದ ಕಡೆಯೆಲ್ಲ ಮೆಲ್ಲಗೆ, ನೇರವಾಗಿ ನಿಂತಿತು. ಕನ್ನಡಿಯಲ್ಲಿ ಅವಳ ಮುಖ ನೋಡುತ್ತಲೇ ಹೋದೆ. ಅದು ಒಮ್ಮೆಯೂ ಬಿಗಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, ನನ್ನನ್ನು ಮಾತ್ರ ಒಳಗೆ ಕರೆದರು. ಈ ಮೈ ಇನ್ನು ಕರೆಂಟು ತಡೆಯುವುದಿಲ್ಲ, ನಡುವೆ ತಪ್ಪಿದ ದಿನದಿಂದ ಏನೂ ವ್ಯತ್ಯಾಸವಾಗಿಲ್ಲ, ನಾಳೆಯಿಂದ ಕರೆತಂದು ಹಿಂಸೆ ಕೊಡಬೇಡಿ ಎಂದರು. ನೋವಿಗೆ ಗುಳಿಗೆ ಬರೆದುಕೊಟ್ಟರು.

ಅಮ್ಮನನ್ನು ಎತ್ತಿ ಹೊರಗೆ ತಂದೆ. ಸೀಟಿನಲ್ಲಿ ಮಲಗಿಸಿದೆ, ತಲೆದಿಂಬು ಸರಿಮಾಡಿದೆ. ಮೆಲ್ಲಗೆ ಓಡಿಸಿದೆ. ಸಯಾನ್ ಸಿಗ್ನಲ್ಲಿನಲ್ಲಿ ನಿಂತಾಗ ನಿದ್ದೆ ಕಣ್ಣಿನಲ್ಲೇ ಎದ್ದೇಳಲು ನೋಡಿದಳು.

"ಇಲ್ಲಿ ಇಳೀಬೇಕಲ್ವೇನೋ?"

"ಇಲ್ಲ ಅಮ್ಮ. ಮನೆ ತನಕ ಇದೇ ಗಾಡಿ."

ನಂಬಿಕೆ ಬರಲಿಲ್ಲವೇನೋ. ನನ್ನ ಸೀಟಿನ ಹಿಂಬದಿಯನ್ನು ಹಿಡಿದುಕೊಂಡೇ ಇದ್ದಳು. ಸಿಗ್ನಲ್ಲು ಬಿಟ್ಟು ಕಾರು ಮುಂದೆ ಹೋಗಿ, ಎಷ್ಟೋ ದೂರ ಕಳೆದ ಮೇಲೆ ಆ ಹಿಡಿತ ಸಡಿಲವಾದದ್ದು ನನ್ನ ಬೆನ್ನಿಗೆ ತಿಳಿಯಿತು.

ಅದಾದ ಮೇಲೆ ಅವಳನ್ನು ಕಾರಿನಲ್ಲಿ ಎಲ್ಲಿಗೂ ಕರೆದೊಯ್ಯಬೇಕಾಗಿ ಬರಲಿಲ್ಲ. ಅವಳು ಹೋದಾಗ ಅಪ್ಪನ ವರ್ಷ ಇನ್ನೂ ತುಂಬಿರಲಿಲ್ಲ.