ನರೇಗಲ್‌ನಲ್ಲಿ ಅಮೆರಿಕದ ನಾಟಕ

ಗಜೇಂದ್ರಗಡದಿಂದ ಬಂದು ನರೇಗಲ್ ಬಸ್ ನಿಲ್ದಾಣದಲ್ಲಿ ಇಳಿದಾಗ ಧ್ವನಿವರ್ಧಕ ಕಟ್ಟಿದ ಆಟೋವೊಂದು ಕೂಗುತ್ತಿತ್ತು: "ಇವತ್ತ ಸಂಜಿಗೆ ಅಮೆರಿಕಾ ನಾಟಕ! ತಪ್ಪದ ಬರ್ರಿ!" ಅಮೆರಿಕದ ಹಳೆಯ ರಂಗಭೂಮಿಯ ಬಗ್ಗೆ ಉಪನ್ಯಾಸ ಕೊಡಲು ಬಂದವನು ನಾನು.

ನನ್ನನ್ನು ಕರೆಸಿದ್ದ ನಿವೃತ್ತ ಶಿಕ್ಷಕ ಶಂಕ್ರಪ್ಪನವರಿಗೆ ಹೇಳಿದರೆ ನಕ್ಕುಬಿಟ್ಟರು. "ಭಾಷಣ ಅಂದ್ರ ಯಾರ ಬರ್ತಾರ್ರಿ, ಸರ?"

ಸಭಾಭವನ ತುಂಬಿತ್ತು. ಕೆಲವರು ಹುರಿದ ಶೇಂಗಾ ಕಟ್ಟಿಕೊಂಡೇ ಬಂದಿದ್ದರು. ನಾನು ತಡವರಿಸುತ್ತ ಶುರು ಮಾಡಿದೆ. ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಕೆಲವು ಊರುಗಳಲ್ಲಿ ನಾಟಕ ಆಡುವುದೇ ನಿಷಿದ್ಧವಾಗಿತ್ತು. ಅದಕ್ಕೆ ನಾಟಕ ಕಂಪನಿಯವರು ನೀತಿಯ ಉಪನ್ಯಾಸವೆಂದು ಸಾರಿ, ಜನ ಕೂತ ಮೇಲೆ ನಾಟಕವನ್ನೇ ಆಡಿಬಿಡುತ್ತಿದ್ದರು ಎಂದೆ.

ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಕೂತಿದ್ದ ಹೆಂಗಸೊಬ್ಬರು ಎದ್ದು ನಿಂತರು. "ಅವ್ರು ಭಾಷಣ ಅಂತ ಕರದು ನಾಟಕ ತೋರಿಸಿದ್ರು. ನೀವು ನಾಟಕ ಅಂತ ಕರದು ಭಾಷಣ ಮಾಡಾಕತ್ತೀರಿ. ಅವ್ರ ಚಲೋ ಇದ್ರಲ್ರಿ!"

ಸಭೆ ಹೋ ಎಂದು ನಕ್ಕಿತು. ಹಿಂದಿನ ಸಾಲಿನವರು ಏಳತೊಡಗಿದರು. ಶಂಕ್ರಪ್ಪನವರು ನನ್ನ ಕಿವಿಯಲ್ಲಿ, "ಲಗೂ ಒಂದ ಹಾಡ ಹಾಡ್ರಿ, ಜನಾ ಹೊಂಟ್ರು" ಎಂದರು. ನಾನು ಹಾಡಿದರೆ ಮನೆಯವರೇ ಕದ ಹಾಕಿಕೊಳ್ಳುತ್ತಾರೆ. ಆದರೂ ಕಣ್ಣು ಮುಚ್ಚಿ ದನಿ ಎತ್ತಿದೆ. ಒಂದು ನುಡಿ ಮುಗಿಯುವಷ್ಟರಲ್ಲಿ ಭವನವೆಲ್ಲ ಗಪ್‌ಚುಪ್ಪಾಯಿತು. ಕಣ್ಣು ತೆರೆದು ನೋಡಿದರೆ, ಎದ್ದವರೆಲ್ಲ ಮತ್ತೆ ಕೂತಿದ್ದರು. ಆ ಹೆಂಗಸು ಕೈ ಮುಗಿದರು.

"ಹಾಡ ಬ್ಯಾಡ್ರಿ, ಸರ. ಭಾಷಣನ ಮಾಡ್ರಿ. ಸುಮ್ಕ ಕೂತ ಕೇಳ್ತೀವಿ."