ಇನ್ನೂ ಸ್ವಲ್ಪ ನೀಲಿ

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಟೋರ್ಗುನ್ ಮೊದಲು ನೋಡಿದ್ದು ತನ್ನ ಅಡುಗೆಮನೆಯ ಗೋಡೆಯನ್ನು. ಇಷ್ಟು ವರ್ಷ ಅದು ಕೆನೆಬಣ್ಣ ಎಂದೇ ತಿಳಿದಿದ್ದಳು. ನೋಡಿದರೆ ಅಚ್ಚ ಬಿಳಿ. ಹಾಲಿನ ಜಗ್ಗು, ಟೇಬಲ್ಲಿನ ಬಟ್ಟೆ, ಕನ್ನಡಿಯೊಳಗಿನ ತನ್ನದೇ ಕೂದಲು, ಎಲ್ಲವನ್ನೂ ಯಾರೋ ಸೋಪು ಹಾಕಿ ತಿಕ್ಕಿಟ್ಟ ಹಾಗಿತ್ತು. ಎಡಗಣ್ಣಿನ ಪೊರೆ ತೆಗೆಯಲು ಪೇಟೆಯ ಡಾಕ್ಟರು ಫೆಬ್ರವರಿಗೆ ದಿನ ಕೊಟ್ಟಿದ್ದರು. ಹಾಗಾಗಿ ಈಗ ಅವಳ ಮುಖದಲ್ಲಿ ಎರಡು ಬಗೆಯ ಕಣ್ಣುಗಳು. ಬಲಗಣ್ಣು ಮುಚ್ಚಿದರೆ ಲೋಕವೆಲ್ಲ ತೆಳು ಚಹಾದಲ್ಲಿ ಅದ್ದಿದ ಬಣ್ಣ, ಎಡಗಣ್ಣು ಮುಚ್ಚಿದರೆ ಬೆಳ್ಳಗೆ ಬೆಳ್ಳಿ. ಅರವತ್ತಾರರ ಹೆಂಗಸು ಒಂದು ಇಡೀ ಬೆಳಿಗ್ಗೆ ಕಣ್ಣು ಮುಚ್ಚಿ ತೆರೆದು ಮಕ್ಕಳಾಟ ಆಡಿ ಒಬ್ಬಳೇ ನಕ್ಕಳು.

ಆ ನಗು ಮಧ್ಯಾಹ್ನ ಮೂರರವರೆಗೂ ಉಳಿಯಲಿಲ್ಲ.

ಪ್ರತಿ ಗುರುವಾರ ಅವಳು ಹಿರಿಯರ ಮನೆಗೆ ಹೋಗುತ್ತಾಳೆ. ಅಲ್ಲಿ ಕೊನೆಯ ಕೋಣೆಯಲ್ಲಿ ಆಸ್ಲೌಗ್ ಟೀಚರ್ ಇದ್ದಾರೆ. ತೊಂಬತ್ತನಾಲ್ಕು ವರ್ಷ. ಗ್ರೋಯಿ ದ್ವೀಪದ ಮೂರು ತಲೆಮಾರಿಗೆ ಅಕ್ಷರ ಕಲಿಸಿದವರು. ಸೊಂಟ ಮುರಿದು ನಾಲ್ಕು ಚಳಿಗಾಲದಿಂದ ಹಾಸಿಗೆಯಲ್ಲೇ ಇದ್ದಾರೆ. ಕಾಲ ಕಡೆಯ ಗೋಡೆಗೆ ಟೋರ್ಗುನ್ ತೆಗೆದ ದೊಡ್ಡ ಚಿತ್ರ ತೂಗುಹಾಕಿದೆ. ಹದ್ದುಬಂಡೆಯ ಮೇಲಿಂದ ಕಂಡ ಕೊಲ್ಲಿ, ಸೂರ್ಯ ಹುಟ್ಟದ ಡಿಸೆಂಬರಿನ ನಡುಹಗಲು, ಹಿಮದ ಗುಡ್ಡ, ಕಿಟಕಿಗಳಲ್ಲಿ ದೀಪ.

ಟೋರ್ಗುನ್ ಬಾಗಿಲಲ್ಲೇ ನಿಂತುಬಿಟ್ಟಳು. ಚಿತ್ರ ನೀಲಿಯಾಗಿತ್ತು. ನೀಲಿ ಅಂದರೆ ಅಂತಿಂಥ ನೀಲಿಯಲ್ಲ. ಹಬ್ಬದ ಬಿಳಿ ಬಟ್ಟೆಯನ್ನು ನೀಲಿ ನೀರಿನಲ್ಲಿ ಅದ್ದಿಟ್ಟು ಮರೆತು ಊಟಕ್ಕೆ ಹೋದವರ ಕೆಲಸದ ಹಾಗೆ. ಹಿಮ ನೀಲಿ, ಕಲ್ಲು ನೀಲಿ, ಇಂಗ್ವಾಲ್ಡನ ಅಂಗಡಿಯ ಮಾಡೂ ನೀಲಿ. ಅವಳು ಎಡಗಣ್ಣಿನಿಂದ ನೋಡಿದಳು. ಚಿತ್ರ ಎಂದಿನಂತೆ ಚೆನ್ನಾಗಿತ್ತು. ಬಲಗಣ್ಣಿನಿಂದ ನೋಡಿದಳು. ಮತ್ತೆ ಅದೇ ನೀಲಿ.

ಏನಾಗಿದೆ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದನ್ನು ಹೇಳಬೇಕಾದರೆ ಅವಳ ಕೆಲಸದ ರೀತಿಯನ್ನು ಹೇಳಬೇಕು.

ಟೋರ್ಗುನ್ ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ ಮುಳ್ಳು ಬಿಡಿಸಿದವಳು. ಊಟದ ಬಿಡುವು ಹನ್ನೊಂದೂವರೆಗೆ, ಅರ್ಧ ಗಂಟೆ. ಕತ್ತಲ ತಿಂಗಳುಗಳಲ್ಲಿ ನಮ್ಮ ದ್ವೀಪಕ್ಕೆ ಒಳ್ಳೆಯ ಬೆಳಕು ಇರುವುದೂ ಸರಿಯಾಗಿ ಅಷ್ಟೇ ಹೊತ್ತು. ಉಳಿದವರು ಕಾಫಿ ಕುಡಿಯುತ್ತ ಮೇಸ್ತ್ರಿಯನ್ನು ಬೈಯುತ್ತಿದ್ದಾಗ ಇವಳು ರಬ್ಬರ್ ಏಪ್ರನ್ನಿನಲ್ಲೇ, ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಹದ್ದುಬಂಡೆ ಹತ್ತುತ್ತಿದ್ದಳು. ತೆಗೆದ ಚಿತ್ರವನ್ನು ಯಾವತ್ತೂ ಮಾರಲಿಲ್ಲ. ಮದುವೆಗೆ, ಅರವತ್ತರ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟಳು. ಊರಿನ ಹದಿನೆಂಟು ಮನೆಗಳಲ್ಲಿ, ಅಂಗಡಿಯಲ್ಲಿ, ಚರ್ಚಿನ ಪಕ್ಕದ ಸಭಾಗೃಹದಲ್ಲಿ ಅವಳ ಚಿತ್ರಗಳಿವೆ. ಅವಳ ಹೆಮ್ಮೆ ಒಂದೇ: ಇದ್ದದ್ದು ಇದ್ದ ಹಾಗೆ. ಕ್ಯಾಮೆರಾದಲ್ಲಿ ಬೆಳಕು ಹಿಡಿಯಲೆಂದು ವ್ಯಾನು ಹತ್ತಿಕೊಂಡು ದಕ್ಷಿಣದಿಂದ ಬರುವವರು ನಮಗೆ ಹೊಸಬರಲ್ಲ. ಅವರಲ್ಲೊಬ್ಬ ಮೋಡಕ್ಕೆ ಇಲ್ಲದ ಗುಲಾಬಿ ಬಳಿದ ಚಿತ್ರವನ್ನು ಅಂಗಡಿಯಲ್ಲಿ ತೋರಿಸಿದಾಗ, "ನಮ್ಮ ಆಕಾಶಕ್ಕೆ ಲಿಪ್‌ಸ್ಟಿಕ್ ಹಚ್ಚೋಕೆ ನಿಂಗ್ಯಾರಪ್ಪ ಹೇಳಿದ್ದು?" ಎಂದು ಎಲ್ಲರೆದುರು ಅವನ ಮಾನ ಕಳೆದಿದ್ದಳು.

ಆದರೆ ಕ್ಯಾಮೆರಾ ಕೊಟ್ಟ ಬಣ್ಣವನ್ನು ಅವಳು ನಂಬುತ್ತಿರಲಿಲ್ಲ. ಅದು ಕತ್ತಲ ತಿಂಗಳ ಬೆಳಕು ಕಂಡು ತಬ್ಬಿಬ್ಬಾಗುತ್ತದೆ, ಒಮ್ಮೆ ಬೂದಿ, ಒಮ್ಮೆ ನೇರಳೆ. ಅದಕ್ಕೇ ಮನೆಗೆ ಬಂದು, ಅಡುಗೆಮನೆಯ ಪರದೆ ಎಳೆದು, ಕಂಪ್ಯೂಟರಿನ ಮುಂದೆ ಕೂತು ನೆನಪಿನಿಂದ ಬಣ್ಣ ಸರಿಮಾಡುತ್ತಿದ್ದಳು. ಪರದೆ ಎಳೆಯುವುದು ಆಸ್ಲೌಗ್ ಟೀಚರ್ ಕಲಿಸಿದ ಪಾಠ. ಪ್ರತಿ ಡಿಸೆಂಬರಿನಲ್ಲಿ ಅವರು ನಡುಹಗಲು ಮಕ್ಕಳನ್ನೆಲ್ಲ ಹೊರಗೆ ಸಾಲಾಗಿ ನಿಲ್ಲಿಸಿ, "ಕೊಲ್ಲಿ ನೋಡಿ. ಬಾಯಿಪಾಠ ಮಾಡ್ಕೊಳ್ಳಿ" ಎನ್ನುತ್ತಿದ್ದರು. ಐದು ನಿಮಿಷ ಬಿಟ್ಟು ಒಳಗೆ. ಪರದೆ ಮುಚ್ಚಿ, ದೀಪ ಹಚ್ಚಿ, ಕಂಡ ನೀಲಿಯನ್ನು ಬಣ್ಣದಲ್ಲಿ ಕಲಸಿ ಹಾಳೆಯ ಮೇಲೆ ತೋರಿಸಬೇಕು. ಕಿಟಕಿ ಇಣುಕಿದರೆ ಕಾಪಿ ಹೊಡೆದ ಹಾಗೆ, ಕಿವಿ ಹಿಂಡುತ್ತಿದ್ದರು. ಟೋರ್ಗುನ್ ಏಳು ಚಳಿಗಾಲ ಕಲಸಿದಳು. ಏಳು ಸಲವೂ ಟೀಚರ್ ಹಾಳೆ ಎತ್ತಿ ಹಿಡಿದು ಅಂದದ್ದು ಒಂದೇ ಮಾತು: "ಇನ್ನೂ ಸ್ವಲ್ಪ ನೀಲಿ." "ಸರಿ" ಎಂಬ ಮಾತು ಅವರ ಬಾಯಿಂದ ಅವಳಿಗೆ ಬರಲೇ ಇಲ್ಲ.

ಈಗ ಲೆಕ್ಕ ತಾಳೆಯಾಯಿತು. ಕಣ್ಣಿಗೆ ಪೊರೆ ಮೆಲ್ಲಗೆ ಬೆಳೆದಿದೆ. ಬೆಳೆದ ಹಾಗೆಲ್ಲ ನೀಲಿ ಸಾಲದು ಅನ್ನಿಸಿದೆ. ಸಾಲದು ಅನ್ನಿಸಿದಾಗಲೆಲ್ಲ ಒಂದು ಹನಿ ಹೆಚ್ಚಿಗೆ ಸುರಿದಿದ್ದಾಳೆ. ವರ್ಷಗಟ್ಟಲೆ. ಆ ಸುಳ್ಳನ್ನು ಎದ್ದು ಹೊರಗೆ ಹೋಗಲಾರದ ಮುದುಕಿಯ ಕಾಲ ಬಳಿ ತೂಗುಹಾಕಿ, ಇದೇ ನಮ್ಮ ಕೊಲ್ಲಿ ಎಂದು ನಂಬಿಸಿದ್ದಾಳೆ.

"ಯಾಕೆ ದೆವ್ವ ನೋಡ್ದೋಳ ಥರ ನಿಂತಿದ್ದೀಯ?" ಟೀಚರ್ ಕೇಳಿದರು.

"ಈ ಚಿತ್ರಕ್ಕೆ ಧೂಳು ಹಿಡಿದಿದೆ ಟೀಚರ್. ಒರೆಸ್ಕೊಂಡು ಬರ್ತೀನಿ," ಎಂದು ಟೋರ್ಗುನ್ ಚಿತ್ರ ಇಳಿಸಿ, ಕಸದ ಚೀಲದಲ್ಲಿ ಸುತ್ತಿ, ಕಳ್ಳಿಯ ಹಾಗೆ ಹೊರಟುಬಂದಳು.

ದಾರಿಯಲ್ಲಿ ಅಂಗಡಿ. ಇಂಗ್ವಾಲ್ಡ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಬಾಯಿ ತೆಗೆದರೆ ಬೈಗುಳವೇ, ಅದೇ ಅವನ ಪ್ರೀತಿ. ಅವಳು ಒಳಗೆ ಬಂದವಳೇ ಕಾಫಿ ಪೊಟ್ಟಣಗಳ ಮೇಲಿದ್ದ ತನ್ನ ಚಿತ್ರಕ್ಕೆ ಕೈ ಹಾಕಿದಳು.

"ಏಯ್, ಮೀನುಕಣ್ಣಿ, ಕೈ ತೆಗಿ. ಅದು ನನ್ನ ಅರವತ್ತಕ್ಕೆ ಬಂದಿದ್ದು."

"ನಿಜ ಹೇಳೋ ಇಂಗ್ವಾಲ್ಡ್. ಇದು ಜಾಸ್ತಿ ನೀಲಿ ಇದೆ ಅಲ್ವಾ?"

ಇಂಗ್ವಾಲ್ಡ್ ತೂಕದ ಯಂತ್ರ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಇದೆ," ಅಂದ.

"ಮತ್ತೆ ಯಾಕೋ ಹೇಳ್ಲಿಲ್ಲ? ನನ್ನ ಕಾಫಿ ಬೈದೆ, ನನ್ನ ದೋಣಿ ಬೈದೆ, ಸತ್ತುಹೋದ ನನ್ನ ಗಂಡನ್ನೂ ಬಿಡ್ಲಿಲ್ಲ!"

"ಅವನ್ನೆಲ್ಲ ನೀನು ನಂಗೆ ಉಡುಗೊರೆ ಕೊಟ್ಟಿರ್ಲಿಲ್ವಲ್ಲ," ಎಂದ ಇಂಗ್ವಾಲ್ಡ್. "ದಾನ ಕೊಟ್ಟ ದನದ ಹಲ್ಲು ಎಣಿಸ್ತಾರೇನೇ? ನಾವೆಲ್ಲ ಕಲೆ ಅಂದ್ರೆ ಹೀಗೇ ಇರ್ಬೇಕು ಅಂದ್ಕೊಂಡ್ವಿ. ಆ ಲಿಪ್‌ಸ್ಟಿಕ್‌ನವನಿಗೆ ನೀನು ಅಷ್ಟು ಬೈದಾಗ ಮಾತ್ರ ನಂಗೆ ನಗು ತಡ್ಕೊಳ್ಳೋಕೆ ಆಗ್ಲಿಲ್ಲ. ಹೋಗಿ ಹಿಂದಿನ ಗೋದಾಮಲ್ಲಿ ನಕ್ಕು ಬಂದೆ."

ಊರಿಗೆ ಊರೇ ಗೊತ್ತಿದ್ದೂ ಸುಮ್ಮನಿತ್ತು! ನಮ್ಮವರ ಈ ಮರ್ಯಾದೆಗೆ ಏನು ಹೇಳುವುದು? ಬೈಯಬೇಕಾದಾಗ ಬಾಯಿಗೆ ಬೆಣ್ಣೆ ಇಟ್ಟುಕೊಳ್ಳುತ್ತಾರೆ.

ಮುಂದಿನ ಮೂರು ವಾರ ಟೋರ್ಗುನ್ ಬಲಗಣ್ಣಿನಿಂದ ಅದೇ ಚಿತ್ರದ ಬಣ್ಣ ಸರಿಮಾಡಿದಳು. ಎಡಗಣ್ಣಿಗೆ ಟೇಪು ಅಂಟಿಸಿ ಕೂತಳು. ಆದರೆ ಹೊಸ ಕಣ್ಣಿನಲ್ಲಿ ಕೊಲ್ಲಿಯ ಆ ಬೆಳಕನ್ನು ಅವಳಿನ್ನೂ ನೋಡಿರಲಿಲ್ಲ. ಮೊದಲೆರಡು ವಾರ ಬಂಡೆಯ ಮೇಲಿನ ಗಾಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು, ಆಮೇಲೆ ನೈಋತ್ಯದ ಬಿರುಗಾಳಿ, ಒದ್ದೆ ಹಿಮ, ನಡುಹಗಲಿಗೂ ಬೂದಿ ಬಣ್ಣದ ಮೋಡ. ಧೈರ್ಯ ಕಳೆದುಕೊಂಡವಳ ಕೈ ಹಿಂದೆಯೇ ಸರಿಯುತ್ತದೆ. ಇಷ್ಟು ನೀಲಿ ಬೇಡ, ಇಷ್ಟೂ ಬೇಡ ಎಂದು ತೆಗೆಯುತ್ತ ತೆಗೆಯುತ್ತ ಕೊನೆಗೆ ಯಾರೂ ತಪ್ಪು ಹೇಳಲಾರದ ಒಂದು ಚಿತ್ರ ಮಾಡಿ ಹಿರಿಯರ ಮನೆಯ ಮೊಳೆಗೆ ತೂಗುಹಾಕಿದಳು.

ಆಸ್ಲೌಗ್ ಟೀಚರ್ ಬಹಳ ಹೊತ್ತು ನೋಡಿದರು.

"ಇನ್ನೂ ಸ್ವಲ್ಪ ನೀಲಿ," ಅಂದರು.

"ಟೀಚರ್, ಹಳೇದರಲ್ಲಿ ನೀಲಿ ಅತಿಯಾಗಿತ್ತು. ನನ್ನ ಕಣ್ಣು ಕೆಟ್ಟಿತ್ತು. ನಿಮಗೆ ನಾಲ್ಕು ವರ್ಷ ಸುಳ್ಳು ತೋರಿಸ್ದೆ. ಕ್ಷಮಿಸಿ."

"ಇದೇನಿದು, ಪಾತ್ರೆ ತೊಳೆದ ನೀರು?" ಟೀಚರ್ ಮುಖ ಗೋಡೆಗೆ ತಿರುಗಿಸಿದರು. "ತೆಗೆದುಬಿಡು. ಇದಕ್ಕಿಂತ ಬರೀ ಮೊಳೆ ವಾಸಿ."

ಟೋರ್ಗುನ್ ಮನೆಗೆ ಬಂದು ಅತ್ತಳು. ಹೊಸ ಕಣ್ಣಿಗೆ ಅಳು ಒಳ್ಳೆಯದಲ್ಲವೆಂದು ಆಸ್ಪತ್ರೆಯ ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಹದಿನೆಂಟು ಮನೆಗಳಿಗೂ ಹೋಗಿ ಎಲ್ಲವನ್ನೂ ಇಳಿಸಿ ತರುವುದು, ಕ್ಯಾಮೆರಾವನ್ನು ಮಾಳಿಗೆಗೆ ಹಾಕುವುದು ಎಂದು ತೀರ್ಮಾನಿಸಿದಳು.

ಕ್ರಿಸ್‌ಮಸ್‌ಗೆ ಎಂಟು ದಿನ ಇರುವಾಗ ಗಾಳಿ ನಿಂತಿತು. ಹನ್ನೊಂದಕ್ಕೆ ಆಕಾಶ ಬಿಚ್ಚಿಕೊಂಡಿತು. ಟೋರ್ಗುನ್ ಕಸದ ಚೀಲದಲ್ಲಿದ್ದ ಹಳೆಯ ಚಿತ್ರವನ್ನು ಬಗಲಿಗೆ ಹಾಕಿಕೊಂಡು ಹದ್ದುಬಂಡೆ ಹತ್ತಿದಳು. ಎಷ್ಟು ತಪ್ಪಿದ್ದೇನೆಂದು ಅಳೆದು ನೋಡಿಯೇ ಬಿಡೋಣ, ಶಿಕ್ಷೆ ಪೂರ್ತಿಯಾಗಲಿ ಎಂಬ ಹಟ.

ಮೇಲೆ ನಿಂತು ಬಲಗಣ್ಣಿನಿಂದ ಕೊಲ್ಲಿ ನೋಡಿದಳು. ಇಂಥ ನೀಲಿಯನ್ನು ಅವಳು ಪೊರೆ ಬೆಳೆದ ಈ ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ಎಂಟು ವರ್ಷದ ಹುಡುಗಿಯಾಗಿ ಶಾಲೆಯ ಮುಂದೆ ಸಾಲಿನಲ್ಲಿ ನಿಂತಾಗ ಕಂಡದ್ದು ಇದೇ, ಹಿಮದಿಂದಲೇ ಒಸರುವ ಹಾಗಿದ್ದ ನೀಲಿ. ಪೆಟ್ಟಿಗೆಯಿಂದ ತೆಗೆದ ಹಳೆಯ ಸ್ವೆಟರನ್ನು ಗುರುತಿಸುವ ಹಾಗೆ ಗುರುತಿಸಿದಳು.

ಚಿತ್ರವನ್ನು ಬಂಡೆಗೆ ಒರಗಿಸಿದಳು. ಬಲಗಣ್ಣಿಗೆ ಅದು ಕೊಲ್ಲಿಗಿಂತ ಬಹಳ ನೀಲಿ. ತಪ್ಪು ತಪ್ಪೇ. ಆಮೇಲೆ, ಅಭ್ಯಾಸಬಲದಿಂದ, ಆ ಬೆಳಗಿನ ಮಕ್ಕಳಾಟ ಆಡಿದಳು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಚಿತ್ರ ನೋಡಿದಳು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಕೊಲ್ಲಿ ನೋಡಿದಳು.

ಎರಡೂ ಒಂದೇ.

ಮತ್ತೆ ನೋಡಿದಳು. ಪೊರೆಗಣ್ಣಿಗೆ ಚಿತ್ರ, ಹೊಸಗಣ್ಣಿಗೆ ಕೊಲ್ಲಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಣ್ಣಿಗೆ ಪೊರೆಯ ಪರದೆ ಬಿದ್ದಿದ್ದರೂ ಅವಳು ಇಣುಕಿರಲಿಲ್ಲ, ಕಾಪಿ ಹೊಡೆದಿರಲಿಲ್ಲ. ಪರದೆಯ ಈಚೆ ಕೂತು ಶಾಲೆಯ ಬಾಯಿಪಾಠದಿಂದಲೇ ಕಲಸಿದ್ದಳು, ಸರಿಯಾಗಿಯೇ ಕಲಸಿದ್ದಳು. ಇದೇ ಪರದೆ ಬಿದ್ದ ಕಣ್ಣಿಗೆ ಆ ಚಿತ್ರದಲ್ಲಿ ಕಾಣುವುದು ನಿಜವಾದ ಕೊಲ್ಲಿಯೇ. ತೊಂಬತ್ತನಾಲ್ಕರ ಕಣ್ಣಿಗೂ ಪೊರೆ ಇಲ್ಲದೆ ಇರುತ್ತದೆಯೇ?

ಟೋರ್ಗುನ್ ಹಿಮದಲ್ಲೇ ಕುಕ್ಕರಿಸಿದಳು. ಎದೆಯ ಮೇಲಿಂದ ಯಾರೋ ಮೀನಿನ ಬುಟ್ಟಿ ಇಳಿಸಿದ ಹಾಗಾಯಿತು. ಅವಳು ಸುಳ್ಳಿಯಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ. ನಕ್ಕಳು, ಮೂಗು ಒರೆಸಿಕೊಂಡಳು, ಮತ್ತೆ ನಕ್ಕಳು.

ಇಳಿದು ಬರುವಾಗ ಇಂಗ್ವಾಲ್ಡ್ ಅಂಗಡಿ ಮುಂದಿನ ಹಿಮ ಗೋರುತ್ತಿದ್ದ.

"ಏನೇ, ನನ್ನ ಚಿತ್ರಾನೂ ಕಿತ್ಕೊಂಡು ಹೋಗೋಕೆ ಬಂದ್ಯಾ?"

"ಇರ್ಲಿ ಬಿಡು. ನಿನ್ನ ಕಣ್ಣಿಗೂ ಪೊರೆ ಬರುತ್ತಲ್ಲ, ಆವಾಗ ಸರಿ ಕಾಣುತ್ತೆ."

"ನಿನ್ನ ಬಾಯಿಗೆ ಹುಳಿತ ಮೀನು ಹಾಕ!" ಎಂದು ಅವನು ಸಲಿಕೆ ಎತ್ತಿದ. ಅವಳು ನಿಲ್ಲಲಿಲ್ಲ.

ಕೊನೆಯ ಕೋಣೆಯಲ್ಲಿ ಆಸ್ಲೌಗ್ ಟೀಚರ್ ಬರಿಯ ಮೊಳೆ ನೋಡುತ್ತ ಮಲಗಿದ್ದರು. ಟೋರ್ಗುನ್ ಹಳೆಯ ಚಿತ್ರವನ್ನು ತೂಗುಹಾಕಿ, ಓರೆಯಾದದ್ದನ್ನು ನೇರ ಮಾಡಿ, ಪಕ್ಕಕ್ಕೆ ಸರಿದು ನಿಂತಳು. ಹಾಳೆ ಒಪ್ಪಿಸಿದ ಹುಡುಗಿಯ ಹಾಗೆ ಅವಳ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ಟೀಚರ್ ನೋಡಿದರು.

"ಹೊರಗೆ ಇವತ್ತು ಬೆಳಕು ಚೆನ್ನಾಗಿದೆ ಟೀಚರ್. ಕಿಟಕಿ ಪರದೆ ಸರಿಸ್ಲಾ? ತಾಳೆ ನೋಡ್ಬಹುದು."

"ಬೇಡ. ಎಷ್ಟೋ ವರ್ಷದಿಂದ ಕಿಟಕಿಯಲ್ಲಿ ಕಾಣೋದು ಹಳದಿ ಬಡಿದ ಕೊಲ್ಲಿ. ಅದು ನಮ್ಮೂರಲ್ಲ. ಈ ಮನೆಗೆ ಬಂದಮೇಲೆ ನಾನು ನಮ್ಮೂರು ನೋಡಿದ್ದು ಇದ್ರಲ್ಲೇ." ಅವರು ತಲೆದಿಂಬಿಗೆ ತಲೆ ಒರಗಿಸಿದರು. "ಸರಿ ಇದೆ."

ಟೋರ್ಗುನ್‌ಗೆ ಕಿವಿಯನ್ನು ನಂಬಲಾಗಲಿಲ್ಲ.

"ಏನಂದ್ರಿ ಟೀಚರ್? ಇನ್ನೊಂದ್ಸಲ ಹೇಳಿ."

"ಒಂದ್ಸಲ ಹೇಳಿದ್ದು ಸಾಕು. ಹೋಗು, ಕಾಫಿ ತಗೊಂಡ್ ಬಾ."